ಸುಬೇದಾರ್ ಮಾವನ ಹೊಳೆ ಕ್ಯಾಂಪು

ಕೊಡಗಿನ ಯಾವ ಒಕ್ಕವನ್ನು ತೆಗೆದುಕೊಂಡರೂ ಅದರಲ್ಲಿ ಮೂವರು ಇದ್ದೇ ಇರುತ್ತಾರೆ. ಆಸ್ತಿ ಪಾಲಾದ ಮೇಲೆ ಯಾರೊಡನೆಯೂ ಮಾತಾಡದ ಒಬ್ಬರು. ಮದುವೆ ಮನೆಯಲ್ಲಿ ವಾಲಗ ಶುರುವಾದ ಕೂಡಲೇ ಕೈಯೆತ್ತಿ ಕುಣಿಯಲು ಇಳಿಯುವ ಒಬ್ಬರು. ಮತ್ತೆ, ಮಿಲಿಟರಿಯಿಂದ ಪೆನ್ಷನ್ ಬಂದು ಊರು ಸೇರಿ, ವರ್ಷಕ್ಕೊಮ್ಮೆ ಇಡೀ ಸಂಸಾರವನ್ನು ಗಂಟುಮೂಟೆ ಸಮೇತ ಹೊಳೆಬದಿಗೆ ಸಾಗಿಸುವ ಒಬ್ಬರು. ಮೊದಲಿನ ಇಬ್ಬರಿಂದ ಯಾರಿಗೂ ತೊಂದರೆಯಿಲ್ಲ. ಮೂರನೆಯವರ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ಮನೆಯಲ್ಲಿ ಇವರಿಗೆ ಸುಬೇದಾರ್ ಮಾವ ಎಂದು ಹೆಸರು. ನಿಮ್ಮಲ್ಲಿ ಹವಾಲ್ದಾರ್ ಚಿಕ್ಕಪ್ಪ ಇರಬಹುದು, ಕರ್ನಲ್ ಅಜ್ಜ ಇರಬಹುದು. ರ‍್ಯಾಂಕು ಬೇರೆ, ರೋಗ ಒಂದೇ. ಬೆಳಿಗ್ಗೆ ಐದಕ್ಕೆ ಎದ್ದು ಗೇಟಿನ ತನಕ ನಡೆದು, ಗೇಟು ಇನ್ನೂ ಅಲ್ಲೇ ಇದೆಯೇ ಎಂದು ನೋಡಿಕೊಂಡು ಬರುತ್ತಾರೆ. ಹಾಲಿನ ಗೋಡೆಯಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪಟ, ಪಕ್ಕದಲ್ಲಿ ಜನರಲ್ ತಿಮ್ಮಯ್ಯನವರ ಪಟ, ಅದರ ಪಕ್ಕ ಇವರದೇ ಪಟ. ಮೂರನೆಯದರ ಚೌಕಟ್ಟು ಸ್ವಲ್ಪ ಸಣ್ಣದು. ಅದು ವಿನಯ.

ಮಾವ ಇದ್ದದ್ದು ಆರ್ಮಿ ಸರ್ವೀಸ್ ಕೋರ್‌ನಲ್ಲಿ. ಅಕ್ಕಿ, ಬೇಳೆ, ಸೀಮೆಎಣ್ಣೆ, ಡಬ್ಬದ ಹಾಲು ಇವನ್ನೆಲ್ಲ ಮೇಲಿನ ಠಾಣೆಗಳಿಗೆ ಮುಟ್ಟಿಸುವ ವಿಭಾಗ. ಅವರು ಗುಂಡು ಹಾರಿಸಿದ ಕಥೆಯನ್ನು ಇದುವರೆಗೆ ಹೇಳಿಲ್ಲ. ಲೇಹ್‌ನಲ್ಲಿ ತಿಂದ ಚಳಿಯ ಕಥೆಯನ್ನು ಹೇಳದೆ ಬಿಟ್ಟಿಲ್ಲ. ನಾವು ಚಿಕ್ಕವರಿದ್ದಾಗ ಆ ಚಳಿ ಮೈನಸ್ 18 ಇತ್ತು. ಕ್ಯಾಂಪಿನಿಂದ ಕ್ಯಾಂಪಿಗೆ ಒಂದೋ ಎರಡೋ ಡಿಗ್ರಿ ಇಳಿಯುತ್ತಾ ಈಗ ಮೈನಸ್ 40ರ ಹತ್ತಿರ ಬಂದು ನಿಂತಿದೆ. ಭೂಮಿ ಇಡೀ ಬಿಸಿಯಾಗುತ್ತಿರುವ ಈ ಕಾಲದಲ್ಲಿ ವರ್ಷವರ್ಷವೂ ತಣ್ಣಗಾಗುತ್ತಿರುವುದು ಮಾವನ ಲೇಹ್ ಒಂದೇ.

ಕ್ಯಾಂಪಿಗೆ ದಿನ ಗೊತ್ತುಮಾಡುವುದು ಸಣ್ಣ ಕೆಲಸವಲ್ಲ. ಕಾಫಿ ಕುಯಿಲು ಮುಗಿದಿರಬೇಕು, ಒಣಗಿದ ಚೆರಿ ಕಣದಿಂದ ಒಳಗೆ ಹೋಗಿರಬೇಕು, ಮಕ್ಕಳಿಗೆ ಶಾಲೆಯ ರಜೆ ಬಂದಿರಬೇಕು. ಹಾಗಾಗಿ ಏಪ್ರಿಲ್‌ನಲ್ಲಿ, ಕೊಡವರ ಹೊಸವರ್ಷದ ದಿನವಾದ ಎಡಮ್ಯಾರ್ ಒಂದರ ಆಸುಪಾಸಿಗೆ ಬರುತ್ತದೆ. ಅದೇ ಹೊತ್ತಿಗೆ ಕೊಡವ ಕುಟುಂಬಗಳ ಹಾಕಿ ಹಬ್ಬವೂ ಬರುತ್ತದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರುಮಾಡಿದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳಿಗೆ ಬೆಳೆದಿತ್ತು. ಹಾಕಿ ಇರುವಾಗ ಕ್ಯಾಂಪು ಇಟ್ಟರೆ ಯಾರೂ ಬರುವುದಿಲ್ಲ ಎಂದು ಬೇರೆ ಮನೆಗಳಲ್ಲಿ ತಲೆಕೆಡಿಸಿಕೊಳ್ಳುತ್ತಾರೆ. ಮಾವನ ಒಕ್ಕಕ್ಕೆ ಆ ಚಿಂತೆಯಿಲ್ಲ. ನಮ್ಮ ಹುಡುಗರು ಮೊದಲ ಸುತ್ತಿನಲ್ಲೇ ಸೋತು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿರುತ್ತಾರೆ. ಪಂದ್ಯದ ದಿನ ಗೊತ್ತಾದ ಕೂಡಲೇ ಮಾವ ಅದರ ಮರುದಿನವನ್ನು ಕ್ಯಾಂಪಿಗೆ ಹಾಕಿಬಿಡುತ್ತಾರೆ. ತಂಡದ ಕ್ಯಾಪ್ಟನ್ ಇದಕ್ಕೆ ಒಮ್ಮೆ ಬೇಜಾರು ಮಾಡಿಕೊಂಡದ್ದುಂಟು. "ಗೆದ್ದರೆ ಮುಂದಕ್ಕೆ ಹಾಕೋಣ" ಎಂದು ಮಾವ ಸಮಾಧಾನ ಹೇಳಿದರು. ಇದುವರೆಗೆ ಮುಂದಕ್ಕೆ ಹೋಗಿಲ್ಲ.

ಮೊದಲು ಇನ್‌ಲ್ಯಾಂಡ್ ಪತ್ರದಲ್ಲಿ ಬರುತ್ತಿದ್ದ ಆದೇಶ ಈಗ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. "ಎಲ್ಲರ ಗಮನಕ್ಕೆ. ವಿಷಯ: ವಾರ್ಷಿಕ ಹೊಳೆ ಕ್ಯಾಂಪು. ಹಾಜರಿ 0630 ಗಂಟೆಗೆ. ತಡವಾಗಿ ಬಂದವರಿಗೆ ಕಾಫಿ ಇಲ್ಲ. ಪ್ರಕೃತಿಯ ನಡುವೆ ಏನೂ ಇಲ್ಲದೆ ಎರಡು ರಾತ್ರಿ ಕಳೆಯುವುದು ಉದ್ದೇಶ. ತರಬೇಕಾದ ಸಾಮಾನುಗಳ ಪಟ್ಟಿ ಕೆಳಗಿದೆ." ಪಟ್ಟಿ ಓದಿ ಮುಗಿಸುವಷ್ಟರಲ್ಲಿ ಬೆರಳು ನೋಯುತ್ತದೆ. ಅದರ ಕೆಳಗೆ ಬೆಂಗಳೂರಿನ ಅಳಿಯ "ಮಾವ, ಅಲ್ಲಿ ಚಾರ್ಜಿಂಗ್ ಪಾಯಿಂಟ್ ಇದೆಯಾ?" ಎಂದು ಕೇಳಿರುತ್ತಾನೆ. ಅದಕ್ಕೆ ಉತ್ತರ ಬರುವುದಿಲ್ಲ. ಸೈನ್ಯದಲ್ಲಿ ಕೆಲವು ಪ್ರಶ್ನೆಗಳಿಗೆ ಮೌನವೇ ಶಿಕ್ಷೆ.

ಏನೂ ಇಲ್ಲದೆ ಎರಡು ರಾತ್ರಿ ಕಳೆಯಲು ಜೀಪಿಗೆ ಏರುವ ವಸ್ತುಗಳು ಇವು: ಎರಡು ಮಿಲಿಟರಿ ಟಾರ್ಪಾಲು, ಪೆಟ್ರೋಮ್ಯಾಕ್ಸ್, ಕಡಂಬುಟ್ಟು ಬೇಯಿಸುವ ಹಬೆ ಪಾತ್ರೆ, ನೂಪುಟ್ಟು ಒತ್ತುವ ಒರಳು, ಮಡಚುವ ಕುರ್ಚಿ, ಮಡಚಲಾಗದ ಕುರ್ಚಿ, ಸೌದೆ (ಹೊಳೆಬದಿಯ ಸೌದೆ ಹಸಿ ಇದ್ದರೆ?), ನಾಲ್ಕು ಕ್ಯಾನ್ ನೀರು (ಹೊಳೆ ಬತ್ತಿದ್ದರೆ?), ಇಸ್ಪೀಟು ಕಟ್ಟು, ಕ್ಯಾಂಟೀನ್ ಕೋಟಾದ ರಮ್ಮು, ಕೋವಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಹಾಗಾಗಿ ಕೋವಿ ಬರಲೇಬೇಕು. 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಹಾರಿಸುವ ಹಾಗಿಲ್ಲ. ಒಣಗಿದ ಜಾಗ, ದಪ್ಪ ಕಂಬಳಿ, ಟಾರ್ಪಾಲಿನ ನಟ್ಟನಡುವೆ ಮಲಗುವ ಹಕ್ಕು ಕೋವಿಗೆ. ಬೆಂಗಳೂರಿನ ಅಳಿಯ ಜೀಪಿನ ಹಿಂದಿನ ಸೀಟಿನಲ್ಲಿ.

ಇನ್ನು ಜಾಗ. ಅರಣ್ಯದೊಳಗೆ ರಾತ್ರಿ ಬಿಡಾರ ಹೂಡಲು ಇಲಾಖೆ ಬಿಡುವುದಿಲ್ಲ. ಹಾಗಾಗಿ ಮಾವ ಆರಿಸಿಕೊಂಡದ್ದು ಕಕ್ಕಬ್ಬೆ ಹೊಳೆಯ ದಂಡೆ, ತಮ್ಮದೇ ತೋಟದ ಕೆಳಗಿನ ತುದಿ. ಎದುರಿಗೆ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳು, 1,748 ಮೀಟರ್. ಅದರ ಬುಡದಲ್ಲಿ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ. "1834ರಲ್ಲಿ ಇಂಗ್ಲಿಷರ ದಂಡು ಬಂದಾಗ ಚಿಕವೀರರಾಜ ಬಂದು ನಿಂತದ್ದು ಎಲ್ಲಿ? ಇಲ್ಲೇ. ರಾಜನೇ ಆಯ್ದುಕೊಂಡ ಆಯಕಟ್ಟಿನ ಜಾಗ" ಎಂದು ಮಾವ ಕೋಲಿನಿಂದ ಬೆಟ್ಟ ತೋರಿಸುತ್ತಾರೆ. ಆ ರಾಜ ಕೊನೆಗೆ ಶರಣಾದನಲ್ಲ ಎಂದು ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. ಅವಳಿಗೆ ಆ ಸಂಜೆ ಪಾತ್ರೆ ತೊಳೆಯುವ ಡ್ಯೂಟಿ ಬಿತ್ತು.

ಜಾಗದ ಒಂದು ಗುಟ್ಟು ಏನೆಂದರೆ, ಮಾವನ ಮನೆ ಅಲ್ಲಿಂದ ಒಂದು ಕಿಲೋಮೀಟರ್ ಮೇಲಿದೆ. ರಾತ್ರಿ ಅಡುಗೆಮನೆಯ ದೀಪ ಕಾಣುತ್ತದೆ, ಗಾಳಿ ಈ ಕಡೆ ಬೀಸಿದರೆ ನಾಯಿ ಬೊಗಳುವುದು ಕೇಳುತ್ತದೆ. ಜೀಪು ಮಾತ್ರ ಸುತ್ತುಬಳಸಿ, ಆರು ಕಿಲೋಮೀಟರ್ ಕಲ್ಲುದಾರಿಯಲ್ಲಿ ಕುಲುಕಿ ಬರುತ್ತದೆ. ಯಾರಾದರೂ ಉಪ್ಪು ಮರೆತೆವು, ಹಲ್ಲುಜ್ಜುವ ಬ್ರಷ್ ಮರೆತೆವು ಎಂದು ಮನೆಯ ಕಡೆ ಹೆಜ್ಜೆ ಹಾಕಿದರೆ ಮಾವನ ಲೆಕ್ಕದಲ್ಲಿ ಅದು ರಣರಂಗ ಬಿಟ್ಟು ಓಡಿಹೋದಂತೆ. ಆದರೂ ರಾತ್ರಿ ಎಂಟರ ಸುಮಾರಿಗೆ ಹೆಂಗಸರು ಇಬ್ಬಿಬ್ಬರಾಗಿ ಟಾರ್ಚು ಹಿಡಿದು ತೋಟದ ಒಳದಾರಿಯಲ್ಲಿ ಮಾಯವಾಗಿ, ಅರ್ಧ ಗಂಟೆ ಬಿಟ್ಟು ಮುಖ ತೊಳೆದು ಪೌಡರ್ ಹಾಕಿಕೊಂಡು ಬರುತ್ತಾರೆ. ಮಾವ ಆಗ ಬೆಂಕಿಯ ಕಡೆ ತಿರುಗಿ ಕುಳಿತಿರುತ್ತಾರೆ. ಅನುಭವಸ್ಥ ಅಧಿಕಾರಿಗೆ ಏನನ್ನು ನೋಡಬಾರದು ಎಂಬುದೂ ಗೊತ್ತಿರಬೇಕು.

ಹಗಲಿನ ಶಿಸ್ತಿಗೆ ಬೆಂಗಳೂರಿನವರೇ ದೊಡ್ಡ ಶತ್ರು. ಒಬ್ಬ ಆನ್‌ಲೈನ್‌ನಲ್ಲಿ ತರಿಸಿದ ಟೆಂಟು ತಂದಿದ್ದ. ಗಾಳಿಗೆ ಎಸೆದರೆ ಎರಡೇ ಸೆಕೆಂಡಿನಲ್ಲಿ ತಾನೇ ನಿಲ್ಲುವಂಥದ್ದು. ನಿಂತಿತು. ಮಾವ ತಮ್ಮ ಟಾರ್ಪಾಲಿನ ಗೂಟ ಹೊಡೆಯುವುದನ್ನು ನಿಲ್ಲಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಈಗ ಮಡಚು" ಎಂದರು. ಮಡಚುವುದು ಹೇಗೆಂಬ ವಿಡಿಯೋ ನೋಡಲು ಸಿಗ್ನಲ್ ಇರಲಿಲ್ಲ. ಅಲ್ಲಿ ಸಿಗ್ನಲ್ ಸಿಗುವುದು ಹೊಳೆ ನಡುವಿನ ಒಂದೇ ಬಂಡೆಯ ಮೇಲೆ, ಬಿಎಸ್‌ಎನ್‌ಎಲ್‌ಗೆ ಮಾತ್ರ, ಎಡಗಾಲಿನಲ್ಲಿ ನಿಂತರೆ. ಆಫೀಸಿಗೆ ರಜೆ ಹಾಕದೆ ಬಂದವರು ಒಬ್ಬರಾದ ಮೇಲೊಬ್ಬರು ಆ ಬಂಡೆ ಹತ್ತಿ, ಮೊಣಕಾಲ ತನಕ ಪ್ಯಾಂಟು ಮಡಚಿಕೊಂಡು, ಮೀಟಿಂಗಿನಲ್ಲಿ ಇದ್ದೇನೆ ಎನ್ನುತ್ತಿರುತ್ತಾರೆ. ಫೋನು ನಿಷಿದ್ಧ ಎಂದು ಆದೇಶದಲ್ಲಿ ಬರೆದ ಮಾವ ಅವರ ಹಿಂದೆ ಸರದಿಯಲ್ಲಿ ನಿಂತಿರುವುದು ಯಾಕೆಂದು ಹೊಸಬರಿಗೆ ಅರ್ಥವಾಗುವುದಿಲ್ಲ. ಅದಕ್ಕೆ ಆಮೇಲೆ ಬರೋಣ.

ಅವರ ಆದೇಶಗಳಲ್ಲಿ ಯಾರೂ ನಗದೆ ಪಾಲಿಸುವುದು ಒಂದುಂಟು. ಟಾರ್ಪಾಲು ನೀರಿನ ಅಂಚಿನಿಂದ 30 ಹೆಜ್ಜೆ ಮೇಲೆ, ಗುಡ್ಡದ ಇಳಿಜಾರಿನಿಂದ ದೂರ ಇರಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿ ಮನೆ, ತೋಟ, ರಸ್ತೆಗಳನ್ನು ಕೊಂಡೊಯ್ದದ್ದನ್ನು ನೋಡಿದವರು ಆ ಹೆಜ್ಜೆಗಳನ್ನು ತಾವೇ ಎಣಿಸುತ್ತಾರೆ.

ಅಡುಗೆ ಮಾವನ ನೇತೃತ್ವದಲ್ಲಿ ನಡೆಯುತ್ತದೆ, ಅಂದರೆ ಮಾವಿ ಮಾಡುತ್ತಾರೆ. ಮೂರು ಕಲ್ಲಿನ ಮೇಲೆ ದೊಡ್ಡ ತಪ್ಪಲೆ, ಅದರಲ್ಲಿ ಕೊಬ್ಬು ಸಮೇತ ತುಂಡು ಮಾಡಿದ ಹಂದಿ ಮಾಂಸ, ಅರಸಿನ, ಉಪ್ಪು, ಜಜ್ಜಿದ ಶುಂಠಿ ಬೆಳ್ಳುಳ್ಳಿ. ಮಾಂಸ ತನ್ನದೇ ನೀರಿನಲ್ಲಿ ಬೆಂದು ಕೊಬ್ಬು ಕರಗುವಾಗ, ಕೊತ್ತಂಬರಿ, ಜೀರಿಗೆ, ಕರಿಮೆಣಸನ್ನು ಕಪ್ಪಾಗುವ ತನಕ ಹುರಿದು ಪುಡಿಮಾಡಿದ್ದನ್ನು ಹಾಕುತ್ತಾರೆ. ಎಲ್ಲ ಆದಮೇಲೆ ಕೊನೆಗೆ ಕಾಚಂಪುಳಿ. ಹಣ್ಣಿನ ರಸವನ್ನು ದಿನಗಟ್ಟಲೆ ಕಾಯಿಸಿ ಇಂಗಿಸಿದ ಆ ಹುಳಿ ಕಪ್ಪಗೆ, ಗಟ್ಟಿಯಾಗಿ ಇರುತ್ತದೆ. ಒಂದು ತಪ್ಪಲೆಗೆ ಎರಡು ಮೂರು ಚಮಚ ಸಾಕು. ಕೊಡಗಿನ ಮನೆಗಳಲ್ಲಿ ಅದನ್ನು ತುಂಬಿಡುವುದು ಖಾಲಿಯಾದ ರಮ್ಮಿನ ಬಾಟಲಿಯಲ್ಲಿ. ಇಷ್ಟು ಹೇಳಿದರೆ ಮುಂದಿನದನ್ನು ಓದುಗರು ಊಹಿಸಬಹುದು.

ಅಳಿಯ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನು. ಮುಸ್ಸಂಜೆಯಲ್ಲಿ, ಪೆಟ್ರೋಮ್ಯಾಕ್ಸ್ ಇನ್ನೂ ಹೊತ್ತದ ಹೊತ್ತಿನಲ್ಲಿ, ಮಾವ ಕರೆಯುವ ಮೊದಲೇ ಒಂದು ಸಣ್ಣದು ಹಾಕಿಬಿಡೋಣ ಎಂದುಕೊಂಡ. ಒಲೆಯ ಪಕ್ಕದ ಬಾಟಲಿ ತೆಗೆದ, ಸ್ಟೀಲ್ ಲೋಟಕ್ಕೆ ಬಗ್ಗಿಸಿದ, ನೀರು ಬೆರೆಸಿದರೆ ಸಮಯ ಹಾಳೆಂದು ಒಂದೇ ಗುಟುಕಿಗೆ ಎತ್ತಿದ. ಆಮೇಲೆ ಅವನ ಒಂದು ಕಣ್ಣು ಮುಚ್ಚಿತು, ಇನ್ನೊಂದು ತೆರೆದೇ ಉಳಿಯಿತು. ಎರಡೂ ಕೆನ್ನೆಗಳು ಒಳಗಡೆ ಹೋಗಿ ಒಂದನ್ನೊಂದು ಭೇಟಿಯಾದವು. ಮಾತಾಡಲು ಬಾಯಿ ತೆರೆದರೆ ಶಿಳ್ಳೆ ಬಂತು. ಮಾವಿ ತಿರುಗಿ ನೋಡಿ, ಬಾಟಲಿಯನ್ನು ಬೆಳಕಿಗೆ ಹಿಡಿದು, "ಅಯ್ಯೋ, ಸಾರಿಗೆ ಸಾಕಾಗುತ್ತೋ ಇಲ್ಲವೋ" ಎಂದರು. ಮಾವ ಮಾತ್ರ ಅಳಿಯನ ಬೆನ್ನು ತಟ್ಟಿ, "ತೂಕ ಇಳಿಸಲು ಇದು ಒಳ್ಳೆಯದು ಅಂತ ಪೇಟೆಯವರು ಮಾತ್ರೆ ಮಾಡಿ ಮಾರುತ್ತಾರಂತೆ. ನಿನಗೆ ಪುಕ್ಕಟೆ ಸಿಕ್ಕಿತು" ಎಂದು ಹರಸಿದರು.

ಊಟಕ್ಕೆ ಮುಂಚೆ ಮಾವ ಜೀಪಿನ ಮುಂದಿನ ಸೀಟಿನಡಿಯಿಂದ ಬಟ್ಟೆ ಸುತ್ತಿದ ಒಂದು ವಸ್ತು ತೆಗೆಯುತ್ತಾರೆ. ಕೋವಿಗಿಂತ ಜೋಪಾನವಾಗಿ ಬಂದದ್ದು ಇದೇ: ರೈನ್ ಗೇಜ್. ಬಯಲಿನಲ್ಲಿ, ಯಾವ ಮರದ ಹನಿಯೂ ಬೀಳದ ಕಡೆ, ನೆಲ ಮಟ್ಟಸ ಮಾಡಿ ಇಡುತ್ತಾರೆ. ಇಟ್ಟ ಮೇಲೆ ಎದುರು ಗುಡ್ಡದ ಪಾಡಿ ಇಗ್ಗುತಪ್ಪನ ದಿಕ್ಕಿಗೆ ತಿರುಗಿ ಕೈಮುಗಿಯುತ್ತಾರೆ. ಮಳೆಗೂ ಬೆಳೆಗೂ ಕೊಡಗಿಗೆ ಅವನೇ ದೇವರು. ಕ್ಯಾಂಪಿಗೆ ಬಂದ ಇಪ್ಪತ್ತು ಮೂವತ್ತು ಮಂದಿ ಈ ಎರಡು ರಾತ್ರಿ ಮಳೆ ಬರದಿರಲಪ್ಪ ಎಂದು ಬೇಡುತ್ತಿರುವಾಗ, ಬರಲಿ ಎಂದು ಬೇಡುವವರು ಇವರೊಬ್ಬರೇ.

ಪೇಟೆಯವರಿಗೆ ಇದನ್ನು ವಿವರಿಸಬೇಕು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು, ಆ ಕಾಫಿ ನಿಂತಿರುವುದು ಬೇಸಿಗೆಯ ಎರಡು ಮಳೆಗಳ ಮೇಲೆ. ಫೆಬ್ರುವರಿ ಮಾರ್ಚಿನಲ್ಲಿ ಒಂದಿಂಚು ಹೂಮಳೆ ಬಿದ್ದರೆ ವಾರ ಹತ್ತು ದಿನಕ್ಕೆ ರೊಬಸ್ಟಾ ಗಿಡಗಳು ಬೆಳ್ಳಗೆ ಅರಳುತ್ತವೆ. ಅರಳಿದ ದಿನವೇ ಮಳೆ ಬಂದರೆ ಹೂ ಕೆಡುತ್ತದೆ. ಅರಳಿ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ಬ್ಯಾಕಿಂಗ್, ಬಾರದಿದ್ದರೆ ಕಟ್ಟಿದ ಪೀಚು ಉದುರುತ್ತದೆ. ಅರ್ಧಂಬರ್ಧ ಮಳೆಯಂತೂ ಬೇಡವೇ ಬೇಡ. 50 ಕೆ.ಜಿ. ರೊಬಸ್ಟಾ ಚೆರಿಯ ಚೀಲ 2024ರಲ್ಲಿ 10,000 ರೂಪಾಯಿ ದಾಟಿದ ಮೇಲೆ ಪ್ರತಿ ಹನಿಗೂ ಒಂದು ದರ ಬಂದಿದೆ. ಬೆಂಗಳೂರಿನ ಮೊಮ್ಮಕ್ಕಳ ಶಾಲೆಯ ಫೀಸು ಯಾವ ಮೋಡದಿಂದ ಬೀಳುತ್ತದೆಂದು ಮಾವನಿಗೆ ಗೊತ್ತು, ಮೊಮ್ಮಕ್ಕಳಿಗೆ ಗೊತ್ತಿಲ್ಲ.

ಹಾಗಾಗಿ ಕೊಡಗಿನಲ್ಲಿ ಮಳೆ ಬಿದ್ದ ಮರುದಿನ ಬೆಳಿಗ್ಗೆ ಫೋನು ಮಾಡಿದವರು ಹೇಗಿದ್ದೀರಿ ಎಂದು ಕೇಳುವುದಿಲ್ಲ. "ಎಷ್ಟು ಬಿತ್ತು?" ಎನ್ನುತ್ತಾರೆ. ಉತ್ತರ ಇಂಚು ಸೆಂಟಿನಲ್ಲಿ. 1950ರ ದಶಕದ ಕೊನೆಯಲ್ಲೇ ದೇಶ ಮೀಟರು ಲೀಟರಿಗೆ ಹೊರಳಿತು. ಆ ಸುದ್ದಿ ತೋಟಗಾರರ ಮಳೆ ಪುಸ್ತಕಕ್ಕೆ ಇನ್ನೂ ತಲುಪಿಲ್ಲ. ಒಂದಿಂಚಿಗೆ ನೂರು ಸೆಂಟು. ಮೊಣಕಾಲು ನೆನೆದರೆ 20 ಸೆಂಟು, ಹಂಚು ಸೋರಿದರೆ 80. ಮಾವನ ಮನೆಯಲ್ಲಿ ಅವರ ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಲೆಕ್ಕವಿದೆ. ಮದುವೆ ದಿನಾಂಕ ಮರೆತಾಗಲೆಲ್ಲ ಅವರು ಅದನ್ನೇ ತೆಗೆದು ನೋಡುತ್ತಾರೆ. ಅಂದು 45 ಸೆಂಟು ಬಿದ್ದಿತ್ತು. ಬಂಡೆಯ ಮೇಲಿನ ಸರದಿಯಲ್ಲಿ ಅವರು ನಿಲ್ಲುವುದು ಇದಕ್ಕೇ. ವಿರಾಜಪೇಟೆ ಕಡೆ ಮೋಡ ಹೇಗಿದೆ, ಭಾಗಮಂಡಲದಲ್ಲಿ ಗುಡುಗಿತೇ ಎಂದು ವಿಚಾರಿಸಬೇಕು.

ಏಪ್ರಿಲ್ ಸಂಜೆಯ ಕೊಡಗಿನಲ್ಲಿ ಮಳೆ ಬರುವುದು ಪವಾಡವೇನಲ್ಲ. ಆದರೂ ಕ್ಯಾಂಪು ಹಾಕಿದ ರಾತ್ರಿ ಅದು ಬರುವ ರೀತಿಯೇ ಬೇರೆ. ಹನ್ನೊಂದರ ಸುಮಾರಿಗೆ ತಡಿಯಂಡಮೋಳಿನ ಹಿಂದೆ ಒಂದು ಗುಡುಗು. ಮಕ್ಕಳು ಎದ್ದರು. ಗಾಳಿ ಬಂತು, ಟಾರ್ಪಾಲು ಹೊಟ್ಟೆ ಉಬ್ಬಿಸಿತು. ಎರಡು ಸೆಕೆಂಡಿನಲ್ಲಿ ನಿಲ್ಲುವ ಟೆಂಟು ಅದಕ್ಕಿಂತ ಬೇಗ ಮಲಗಿತು. ಆಮೇಲೆ ಮಳೆ. ಹೆಂಗಸರು ಹೊದಿಕೆಗಳನ್ನು ಬಾಚಿಕೊಂಡು ಜೀಪಿನ ಕಡೆ ಓಡಿದರು. ಜೀಪಿನಲ್ಲಿದ್ದ ಅಳಿಯ ತನ್ನ ಸ್ಥಾನದ ಬೆಲೆಯನ್ನು ಮೊದಲ ಬಾರಿ ಅರಿತು ಬಾಗಿಲಿಗೆ ಚಿಲಕ ಹಾಕಿಕೊಂಡ. ಹೊರಗೆ, ಕೊಡೆ ಇದ್ದರೂ ಬಿಚ್ಚದೆ, ಮಾವ ಟಾರ್ಚು ಹಿಡಿದು ರೈನ್ ಗೇಜಿನ ಪಕ್ಕ ನಿಂತಿದ್ದರು. "ಒಳಗೆ ಬನ್ನಿ, ಜ್ವರ ಬರುತ್ತೆ" ಎಂದು ಮಾವಿ ಕೂಗಿದರು.

"40 ದಾಟಿರಬಹುದು ಕಣೇ!" ಎಂದು ಮಾವ ತಿರುಗಿ ಕೂಗಿದರು.

"ನಿಮಗೆ 70 ದಾಟಿದೆ, ಒಳಗೆ ಬನ್ನಿ!"

ರಾತ್ರಿ ಒಂದು ಗಂಟೆಗೆ ಮಾವಿ ಅಧಿಕಾರ ವಹಿಸಿಕೊಂಡು ಎಲ್ಲರನ್ನೂ ಒಳದಾರಿಯಲ್ಲಿ ಮನೆಗೆ ನಡೆಸಿದರು. ಮಾವನ ಪಡೆ ಸಾಲಾಗಿ, ತಲೆಯ ಮೇಲೆ ತಟ್ಟೆ, ತಪ್ಪಲೆ ಹೊತ್ತು, ಕಾಲಿಗೆ ಜಿಗಣೆ ಹತ್ತಿಸಿಕೊಂಡು ಹಿಮ್ಮೆಟ್ಟಿತು. ದಂಡೆಯಲ್ಲಿ ಉಳಿದದ್ದು ಕೋವಿ ಮತ್ತು ಮಾವ.

ಬೆಳಿಗ್ಗೆ ಅವರು ಮನೆಗೆ ಬಂದದ್ದು ಗೆದ್ದ ಸೇನೆಯ ಹಾಗೆ. 1 ಇಂಚು 12 ಸೆಂಟು. ಸ್ನಾನ, ಕಾಫಿ ಯಾವುದೂ ಇಲ್ಲದೆ ನೇರ ಫೋನಿನ ಮುಂದೆ ಕುಳಿತರು. ಹೊಳೆಯಾಚೆಯ ತೋಟಕ್ಕೆ 35 ಸೆಂಟು ಮಾತ್ರ ಎಂದು ತಿಳಿದಾಗ, "ಛೆ ಛೆ, ಹಾಗಾಗಬಾರದಿತ್ತು" ಎಂದು ಸಾವಿನ ಮನೆಯ ಧ್ವನಿಯಲ್ಲಿ ಹೇಳುತ್ತಿದ್ದ ಅವರ ಮುಖವನ್ನು ನೋಡಿದ ಮಕ್ಕಳು ಕೋಣೆಯಿಂದ ಎದ್ದು ಹೊರಗೆ ಹೋಗಬೇಕಾಯಿತು.

ಇಷ್ಟಕ್ಕೇ ಬಿಟ್ಟಿದ್ದರೆ ಮಾವನನ್ನು ನಾವು ಪೂರ್ತಿ ಅರಿತೆವು ಎಂದುಕೊಳ್ಳುತ್ತಿದ್ದೆವು. ಈ ಸಲ ಅವರ ಮಗ ತೋಟದ ಲೆಕ್ಕವನ್ನು ಕಂಪ್ಯೂಟರಿಗೆ ಹತ್ತಿಸುತ್ತೇನೆಂದು ಕುಳಿತ. ಗೊಬ್ಬರ, ಕಪಾತು, ಕುಯಿಲಿನ ಕೂಲಿ ಎಲ್ಲ ಸರಿಯಾಗಿತ್ತು. ಏಪ್ರಿಲ್ ತಿಂಗಳ ನೀರಾವರಿ ಎಂಬ ತಲೆಬರಹದ ಕೆಳಗೆ ಹಂದಿ ಮಾಂಸ 25 ಕೆ.ಜಿ., ಅಕ್ಕಿತರಿ, ಪೆಟ್ರೋಮ್ಯಾಕ್ಸಿನ ಬತ್ತಿ, ರಮ್ಮು, ಮಕ್ಕಳಿಗೆ ಚಾಕೊಲೇಟು ಎಂದಿತ್ತು. ಹಿಂದಿನ ವರ್ಷವೂ ಹಾಗೆಯೇ, ಅದರ ಹಿಂದಿನ ವರ್ಷವೂ.

"ಅಪ್ಪ, ಇದೆಂಥ ನೀರಾವರಿ?"

ಮಾವ ಕನ್ನಡಕ ತೆಗೆದರು. ಇಡೀ ತೋಟಕ್ಕೆ ಸ್ಪ್ರಿಂಕ್ಲರ್‌ನಲ್ಲಿ ಒಂದಿಂಚು ನೀರು ಕೊಡಲು ಪಂಪಿಗೆ ಎಷ್ಟು ಡೀಸೆಲ್ ಬೇಕು, ಪೈಪು ಹೊತ್ತು ಜಾಗ ಬದಲಿಸುವವರಿಗೆ ಎಷ್ಟು ಕೂಲಿ, ಎಷ್ಟು ರಾತ್ರಿ ನಿದ್ದೆಗೆಡಬೇಕು ಎಂದು ಲೆಕ್ಕ ಹೇಳಿದರು. "ಅದೇ ಒಂದಿಂಚು ನೀವೆಲ್ಲ ಬಂದು ಟೆಂಟು ಹಾಕಿದರೆ ಬೀಳುತ್ತೆ. ಹಂದಿಗೆ ಕೊಟ್ಟದ್ದು ಕಳೆದರೂ ಲಾಭ. ಜನ ಹೆಚ್ಚಿದಷ್ಟೂ ಮಳೆ ಹೆಚ್ಚು, ಪುಸ್ತಕ ನೋಡು."

ಮಗ ಪುಸ್ತಕ ನೋಡಿದ. ದುಬೈಯಿಂದ ಚಿಕ್ಕಮ್ಮನ ಮನೆಯವರೂ ಬಂದಿದ್ದ ವರ್ಷ ಎರಡಿಂಚು ಬಿದ್ದಿತ್ತು.

ಆ ರಾತ್ರಿಯೇ ವಾಟ್ಸ್ಆ್ಯಪ್‌ಗೆ ಹೊಸ ಆದೇಶ ಬಂತು. ಮುಂದಿನ ವರ್ಷದಿಂದ ಏಪ್ರಿಲ್ ಕ್ಯಾಂಪಿನ ಜೊತೆಗೆ ಫೆಬ್ರುವರಿಯ ಕೊನೆಯಲ್ಲಿ, ಹೂಮಳೆಗಾಗಿ, ಇನ್ನೊಂದು ಕ್ಯಾಂಪು. ಎಲ್ಲರೂ ಕುಟುಂಬ ಸಮೇತ ಹಾಜರಾಗಬೇಕು, ಬರದವರ ಪಾಲಿನ ಕಾಫಿಪುಡಿ ಕಡಿತ. ಮೊದಲ ಒಪ್ಪಿಗೆ ಮಾವಿಯದೇ: "ಆಗಬಹುದು. ನಾನು ಮನೆಯಲ್ಲೇ ಇರುತ್ತೇನೆ. ಎಷ್ಟು ಬಿತ್ತು ಅಂತ ಬೆಳಿಗ್ಗೆ ಫೋನ್ ಮಾಡಿ."